ಪಟ್ಟಿಯ ಕೊನೆಯ ಎರಡು ಸಾಲು

ಮಾರ್ಚ್ 4

ಭಾವ,

ಕ್ಷೇಮಸಮಾಚಾರ ಕೇಳುವುದನ್ನು ಇಬ್ಬರೂ ಬಿಟ್ಟು ನಾಲ್ಕು ವರ್ಷವಾಯಿತು. ಇವತ್ತೇಕೆ ಹೊಸದಾಗಿ ಶುರುಮಾಡಲಿ? ಮೊನ್ನೆ ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ "ಏನಿದ್ರೂ ಬರೆದು ಕಳಿಸು, ನನಗೆ ಕೂಗಾಟ ಆಗಲ್ಲ" ಎಂದು ಇಟ್ಟುಬಿಟ್ಟಿರಿ. ಸರಿ, ಬರೆದು ಕಳಿಸುತ್ತಿದ್ದೇನೆ.

ಫೆಬ್ರವರಿ 24ರಂದು ನಮ್ಮ ಆಸ್ಪತ್ರೆಯಿಂದ ಒಬ್ಬರು ಮನೆಗೆ ಹೋದರು. ಗಡಿಯಾರ ರಿಪೇರಿ ಮಾಡುವವರು, ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿತ್ತು. ನೋವಿಗೆ ಕುಡಿಯುವ ಔಷಧಿ, ದಿನಕ್ಕೆ ಎರಡು ಸಲ, ಒಂದೂವರೆ ಮಿಲಿ. ಡಾಕ್ಟರು ಬರೆದದ್ದು 1.5. ಔಷಧಿ ಕೌಂಟರಿನಲ್ಲಿ ನಾನು ಕಂಪ್ಯೂಟರಿಗೆ ಒತ್ತಿದ್ದೂ 1.5. ಪ್ರಿಂಟರಿನಿಂದ ಬಂದು ಸೀಸೆಯ ಮೇಲೆ ಕೂತ ಚೀಟಿಯಲ್ಲಿ ಇರುವುದು 15. ಅವರ ಹೆಂಡತಿ ಮಧ್ಯಾಹ್ನ ಊಟವಾದ ಮೇಲೆ ಅಳತೆಯ ಮುಚ್ಚಳದಲ್ಲಿ ಹದಿನೈದು ಮಿಲಿ ಕುಡಿಸಿದರು. ಸಂಜೆ ಐದಕ್ಕೆ ಉಸಿರು ಸರಿಯಾಗಿ ಬರುತ್ತಿಲ್ಲವೆಂದು ಮತ್ತೆ ನಮ್ಮಲ್ಲಿಗೇ ತಂದರು. ಈಗ ಯಂತ್ರದ ಮೇಲೆ ಉಸಿರಾಡುತ್ತಿದ್ದಾರೆ.

ನನ್ನನ್ನು ಅಮಾನತಿನಲ್ಲಿಟ್ಟಿದ್ದಾರೆ. ಅಧೀಕ್ಷಕರು ಕರೆಸಿದರು.

"ಬೆರಳು ಜಾರಿರತ್ತಮ್ಮ, ಒಪ್ಕೊಂಡ್ಬಿಡಿ" ಎಂದರು.

"ನಾನು ಚುಕ್ಕಿ ಒತ್ತಿದ್ದೀನಿ ಸಾರ್. ಕಂಪ್ಯೂಟರಲ್ಲಿ ನೋಡಿ, ಒಂದೂವರೆ ಅಂತಾನೇ ಇದೆ."

"ಸಂಜೆ ವಾರ್ಡಿಂದ ಫೋನ್ ಬಂದ್ಮೇಲೆ ಆ ದಾಖಲೆ ತೆಗೆದಿದ್ದೀರಿ. ಆವಾಗ ತಿದ್ದಿರಬಹುದಲ್ಲ?"

ತೆಗೆದದ್ದು ನಿಜ. ಗಾಬರಿಯಾಗಿ ನೋಡಲು ತೆಗೆದೆ, ತಿದ್ದಲು ಅಲ್ಲ. ನಂಬುವವರು ಯಾರು?

ಆ ಪ್ರಿಂಟರಿನ ಬೆನ್ನಿಗೆ ನಿಮ್ಮ ಕಂಪನಿಯ ಹೆಸರಿದೆ. ನಿಮ್ಮ ಬಡ್ತಿಯ ಊಟದಲ್ಲಿ "ಯಾವ ಆಸ್ಪತ್ರೆಗೆ ಬೇಕಾದ್ರೂ ಹೋಗಿ, ಚೀಟಿ ಪ್ರಿಂಟರೊಳಗೆ ನನ್ನ ಚಿಪ್ ಇರತ್ತೆ" ಎಂದಿರಿ. ಅದೇ ಊಟದಲ್ಲಿ "ಗುಳಿಗೆ ಎಣಿಸೋದಕ್ಕೆ ನಾಲ್ಕು ವರ್ಷ ಓದಬೇಕಾ?" ಎಂದು ನನ್ನನ್ನು ನೋಡಿ ಎಲ್ಲರನ್ನೂ ನಗಿಸಿದಿರಿ. ಎರಡೂ ನೆನಪಿವೆ. ಕೇಳುವುದು ಇಷ್ಟೇ: ನಿಮ್ಮ ಚಿಪ್ ಒಂದು ಚುಕ್ಕಿಯನ್ನು ನುಂಗುವ ಸಾಧ್ಯತೆ ಇದೆಯೇ? ಇದೆ ಅಥವಾ ಇಲ್ಲ ಎಂದು ಬರೆಯಿರಿ.

ನಿಮ್ಮ ಹೆಂಡತಿಯ ತಂಗಿ


ಮಾರ್ಚ್ 11

ನಾದಿನಿಗೆ,

ಇಲ್ಲ.

ಒಂದು ಪದದ ಉತ್ತರ ಕಳಿಸಿದರೆ ಚೆನ್ನಾಗಿರುವುದಿಲ್ಲ ಎಂದು ನಿನ್ನಕ್ಕ ಹೇಳುತ್ತಾಳೆ. ಆದ್ದರಿಂದ ಪಾಠವನ್ನೂ ಮಾಡುತ್ತೇನೆ. ನಿನ್ನ ಕಂಪ್ಯೂಟರು ಪ್ರಿಂಟರಿಗೆ ಅಕ್ಷರ ಕಳಿಸುವುದಿಲ್ಲ, ಚಿತ್ರ ಕಳಿಸುತ್ತದೆ. ಚಿತ್ರ ಎಂದರೆ ಕಪ್ಪು ಬಿಳಿ ಬಿಂದುಗಳ ಸಾಲುಗಳು, ಒಂದರ ಕೆಳಗೆ ಒಂದು, ಇಂಚಿಗೆ ಮುನ್ನೂರು ಸಾಲು. ಆ ಪ್ರಿಂಟರು ಅಗ್ಗದ್ದು, ಅದು ಇಂಚಿಗೆ ಇನ್ನೂರು ಸಾಲು ಮಾತ್ರ ಒತ್ತಬಲ್ಲದು. ಹಾಗಾಗಿ ಪ್ರತಿ ಮೂರು ಸಾಲನ್ನು ಎರಡಕ್ಕೆ ಇಳಿಸಬೇಕು. ಅದು ನನ್ನ ಚಿಪ್‌ನ ಕೆಲಸ. ಬಿಟ್ಟುಹೋಗುವ ಸಾಲಿನಲ್ಲಿ ಕಪ್ಪು ಇದ್ದರೆ ಅದನ್ನು ಪಕ್ಕದ ಸಾಲಿಗೆ ಸೇರಿಸಿಯೇ ಮುಂದೆ ಹೋಗುತ್ತದೆ, ಒಂದೇ ಒಂದು ಬಿಂದುವೂ ಕಳೆಯಬಾರದೆಂದು. ಆ ಉಪಾಯ ನನ್ನದೇ. ಆಮೇಲೆ ಚೀಟಿಯ ಅಂಚು ದಾಟಿದ್ದನ್ನು ಕತ್ತರಿಸಿ ಎಸೆಯುತ್ತದೆ. ಹಿಗ್ಗಿಸುವುದು, ಕುಗ್ಗಿಸುವುದು, ಕತ್ತರಿಸುವುದು ಬಿಟ್ಟರೆ ಅದಕ್ಕೆ ಬೇರೇನೂ ಬಾರದು. ಅದಕ್ಕೆ ಒಂದೂವರೆಯೂ ಗೊತ್ತಿಲ್ಲ, ಹದಿನೈದೂ ಗೊತ್ತಿಲ್ಲ. ಅದಕ್ಕೆ ಬೆರಳುಗಳಿಲ್ಲ, ಆದ್ದರಿಂದ ಜಾರುವುದೂ ಇಲ್ಲ.

ಐದು ವರ್ಷದಲ್ಲಿ ಲಕ್ಷಗಟ್ಟಲೆ ಚೀಟಿಗಳು ಅದರಿಂದ ಹೊರಬಂದಿವೆ. ದೂರು ಬಂದಿರುವುದು ಒಂದು, ಅದೂ ಚೀಟಿಯನ್ನು ಒತ್ತಿದವಳಿಂದಲೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆ ಮನುಷ್ಯ ಚೇತರಿಸಿಕೊಳ್ಳಲಿ. ನೀನು ತಪ್ಪನ್ನು ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಕೇಳಿದ್ದೇನೆ.

ಭಾವ


ಮಾರ್ಚ್ 15

ಭಾವ,

ಪಾಠಕ್ಕೆ ಕೃತಜ್ಞತೆ. ಶಿಷ್ಯೆಗೆ ಒಂದು ಸಂದೇಹ.

ನನ್ನ ಮೇಲಿನ ಆರೋಪಪಟ್ಟಿಯ ಜೊತೆ ಚೀಟಿಯ ಪ್ರತಿಯನ್ನು ಕೊಟ್ಟಿದ್ದಾರೆ. ಅದನ್ನು ಎಂಟು ಪಟ್ಟು ದೊಡ್ಡದು ಮಾಡಿಸಿ ಇದರೊಳಗೆ ಇಟ್ಟಿದ್ದೇನೆ. ಮೂರನೆಯ ಸಾಲು ನೋಡಿ. ಒಂದಕ್ಕೂ ಐದಕ್ಕೂ ನಡುವೆ ಒಂದು ಚುಕ್ಕಿ ಕೂರುವಷ್ಟು ಜಾಗ ಖಾಲಿ ಇದೆ. ನಾನು ಚುಕ್ಕಿ ಒತ್ತದಿದ್ದರೆ ಆ ಜಾಗ ಬಿಟ್ಟವರು ಯಾರು? ಇನ್ನು ಆ ಐದನ್ನು ನೋಡಿ. ಹೊಟ್ಟೆಯ ಕೆಳಭಾಗ ಇಲ್ಲ, ತೆರೆದ ಬಾಯಿಯ ಹಾಗಿದೆ. ಆ ಸಾಲಿನ ಯಾವ ಅಕ್ಷರಕ್ಕೂ ಪಾದವಿಲ್ಲ, ಬ್ಲೇಡು ತೆಗೆದುಕೊಂಡು ಕೆರೆದ ಹಾಗೆ. ಮೇಲಿನ ಸಾಲೂ ಕೆಳಗಿನ ಸಾಲೂ ನೆಟ್ಟಗಿವೆ. ಚುಕ್ಕಿ ಎಲ್ಲಿರುತ್ತದೆ ಭಾವ? ಅಕ್ಷರದ ಪಾದದಲ್ಲಿ.

ಬೆರಳು ಜಾರಿದರೆ ಚುಕ್ಕಿ ತಪ್ಪಬಹುದು. ಐದರ ಹೊಟ್ಟೆ ಕತ್ತರಿಸಿಹೋಗುತ್ತದೆಯೇ?

ಅಧೀಕ್ಷಕರಿಗೆ ತೋರಿಸಿದೆ. "ನೀವೇನು ಎಂಜಿನಿಯರಾ?" ಎಂದರು. ಅಲ್ಲ. ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ, ಅವರನ್ನು ಕೇಳುತ್ತೇನೆ ಎಂದು ಬಂದೆ.

ನಿಮ್ಮ ಹೆಂಡತಿಯ ತಂಗಿ


ಮಾರ್ಚ್ 29

ನಾದಿನಿಗೆ,

ನೀನು ಕಳಿಸಿದ್ದು ಪ್ರತಿಯ ಪ್ರತಿ. ಅದರಲ್ಲಿ ಕಾಣುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಪ್ರಿಂಟರೊಳಗಿನ ಒತ್ತುವ ತಲೆಯ ಮೇಲೆ ಧೂಳು ಕೂತರೆ, ಚೀಟಿಯ ಸುರುಳಿ ಸಡಿಲವಾದರೆ ಹೀಗಾಗುತ್ತದೆ. ವಾರಕ್ಕೊಮ್ಮೆ ಒರೆಸಬೇಕೆಂದು ಕೈಪಿಡಿಯಲ್ಲಿ ಬರೆದಿದೆ. ಒರೆಸುತ್ತಿದ್ದಿರಾ? ಇದಕ್ಕೂ ಪಟ್ಟಿಯ ಅಂಚಿಗೂ ಯಾವ ಸಂಬಂಧವೂ ಇಲ್ಲ.

ಇನ್ನು ಮುಂದೆ ಈ ವಿಷಯವಾಗಿ ನನಗೆ ಬರೆಯಬೇಡ. ಕಂಪನಿಯ ವಕೀಲರ ಕಚೇರಿಗೆ ಬರೆ. ನಿನ್ನಕ್ಕನನ್ನೂ ಇದಕ್ಕೆ ಎಳೆಯಬೇಡ. ನಿನ್ನ ಕಾಗದ ಬಂದ ದಿನ ಅವಳು ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ. ಅವಳಿಗೆ ಬೇರೆಯಾಗಿ ಏನು ಬರೆಯುತ್ತಿದ್ದೀಯೋ ನನಗೆ ತಿಳಿಯದು ಎಂದುಕೊಳ್ಳಬೇಡ.

ಭಾವ


ಏಪ್ರಿಲ್ 3

ಭಾವ,

ಗಡಿಯಾರದವರು ನಿನ್ನೆ ಬೆಳಿಗ್ಗೆ ತೀರಿಕೊಂಡರು. ಮೂವತ್ತೇಳು ದಿನ ಯಂತ್ರದ ಮೇಲಿದ್ದರು.

ನನಗೆ ಹೇಳಿದವಳು ಕೌಂಟರಿನ ಜೊತೆಗಾತಿ. ಅವಳ ಹೊರತು ಆಸ್ಪತ್ರೆಯಲ್ಲಿ ಯಾರೂ ನನ್ನ ಜೊತೆ ಮಾತಾಡುವುದಿಲ್ಲ. ಶವವನ್ನು ಕೆಳಗೆ ತರುವಾಗ ಅವರ ಹೆಂಡತಿ ಲಿಫ್ಟಿನಲ್ಲಿ ಹೋಗಲಿಲ್ಲವಂತೆ, ನಾಲ್ಕು ಮಹಡಿಯನ್ನೂ ಗೋಡೆ ಹಿಡಿದುಕೊಂಡು ಮೆಟ್ಟಿಲಲ್ಲೇ ಇಳಿದರಂತೆ. ಕೇಳಿದಾಗಿನಿಂದ ನನಗೆ ಮೆಟ್ಟಿಲು ಕಂಡರೆ ಆಗುತ್ತಿಲ್ಲ.

ನಿಮ್ಮ ಕಾಗದವನ್ನು ಮತ್ತೆ ಓದಿದೆ. ಅಕ್ಕನಿಗೆ ನಾನು ಒಂದು ಸಾಲೂ ಬರೆದಿಲ್ಲ. ಅವಳು ಮಾತಾಡದಿದ್ದರೆ ಕಾರಣ ನಿಮ್ಮ ಮನೆಯೊಳಗೇ ಇರಬೇಕು, ಹುಡುಕಿಕೊಳ್ಳಿ.

ಇನ್ನೊಂದು. "ಪಟ್ಟಿಯ ಅಂಚಿಗೂ ಯಾವ ಸಂಬಂಧವೂ ಇಲ್ಲ" ಎಂದಿದ್ದೀರಿ. ಯಾವ ಪಟ್ಟಿ? ನಾನು ಸಾಲು ಎಂದೆ, ಪಾದ ಎಂದೆ, ಚುಕ್ಕಿ ಎಂದೆ. ಪಟ್ಟಿ ಎಂಬ ಮಾತನ್ನೇ ಎತ್ತಿರಲಿಲ್ಲ. ನಿಮ್ಮ ಪಾಠದಲ್ಲೂ ಅದು ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನೀವು ಯಾರೂ ಏನೂ ಅನ್ನುವ ಮೊದಲೇ ಹೆಗಲು ಒರೆಸಿಕೊಂಡಿದ್ದೀರಿ.

ಯಾವ ಪಟ್ಟಿ ಭಾವ?


ಏಪ್ರಿಲ್ 27

ಭಾವ,

ಇಪ್ಪತ್ತನಾಲ್ಕು ದಿನವಾಯಿತು. ಉತ್ತರ ಬರಲಿಲ್ಲ. ವಕೀಲರು ಬಾಯಿಗೆ ಬೀಗ ಹಾಕಿದ್ದಾರೆಂದು ತಿಳಿದುಕೊಂಡಿದ್ದೇನೆ. ಅಥವಾ ನೀವೇ ಹಳೆಯ ಕಡತಗಳನ್ನು ಒಂದೊಂದಾಗಿ ಹರಿದು ಹಾಕುತ್ತಿರಬೇಕು.

ನಿಮ್ಮ ಅನುಮತಿ ಇಲ್ಲದೆಯೇ ನಾವು ಒಂದು ಪರೀಕ್ಷೆ ಮಾಡಿದೆವು. ನಮ್ಮ ಕೌಂಟರಿನ ಪ್ರಿಂಟರಿಗೆ ಮೊಹರು ಬಿದ್ದಿದೆ, ಆದರೆ ಮಕ್ಕಳ ವಾರ್ಡಿನಲ್ಲಿ ಅಂಥದ್ದೇ ಇನ್ನೊಂದಿದೆ. ಜೊತೆಗಾತಿ ಅದರಲ್ಲಿ ಒಂದೂವರೆಯ ಚೀಟಿ ಒತ್ತಿದಳು. ಚುಕ್ಕಿ ಬಂತು. ಹತ್ತು ಸಲ ಒತ್ತಿದಳು, ಹತ್ತು ಸಲವೂ ಬಂತು. ಅವಳು ಫೋನಿನಲ್ಲಿ ಅತ್ತೇಬಿಟ್ಟಳು. "ಬಿಡು, ಇನ್ನು ನಮ್ಮ ಕೈಲಾಗಲ್ಲ" ಎಂದಳು. ಆಗ ನನಗೆ ಹೊಳೆಯಿತು. ಗಡಿಯಾರದವರ ಹೆಸರು ಉದ್ದ. ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಸೇರಿ ಚೀಟಿಯಲ್ಲಿ ಎರಡು ಸಾಲು ಹಿಡಿಯುತ್ತದೆ. "ಅವರ ಹೆಸರನ್ನೇ ಹಾಕಿ ಒತ್ತು" ಎಂದೆ. ಒತ್ತಿದಳು. ಎಲ್ಲ ಒಂದು ಸಾಲು ಕೆಳಗಿಳಿಯಿತು, ಚುಕ್ಕಿ ಹೋಯಿತು. ಹೆಸರು ಗಿಡ್ಡ ಮಾಡಿದಳು, ಚುಕ್ಕಿ ಬಂತು. ಉದ್ದ ಮಾಡಿದಳು, ಹೋಯಿತು.

ಉದ್ದ ಹೆಸರಿದ್ದದ್ದಕ್ಕೆ ಒಬ್ಬ ಮನುಷ್ಯ ಸತ್ತ.

ಮೇ 12ಕ್ಕೆ ಕೊನೆಯ ವಿಚಾರಣೆ. ಮಕ್ಕಳ ವಾರ್ಡಿನ ಚೀಟಿಗಳನ್ನು ಅಧೀಕ್ಷಕರು ಮೇಜಿನ ಖಾನೆಗೆ ಹಾಕಿ, "ಕಂಪನಿಯವರು ಇದನ್ನ ಒಪ್ಪಬೇಕಲ್ಲಮ್ಮ" ಎಂದಿದ್ದಾರೆ. ಕಂಪನಿಯವರು ಯಾರೆಂದು ನನಗೆ ಗೊತ್ತು.


ಮೇ 8

ನಾದಿನಿಗೆ,

ಇದನ್ನು ನಿನ್ನ ಮೇಲಿನ ಪ್ರೀತಿಯಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಆ ಊಟದಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳುತ್ತಿದ್ದೇನೆ ಎಂದೂ ಅಲ್ಲ.

ನೀನು ಕೇಳಿದ ಪಟ್ಟಿ ಇದು. ಚಿಪ್‌ನ ಒಳಗಿನ ಜಾಗ ಚಿಕ್ಕದು, ಇಡೀ ಚೀಟಿಯ ಚಿತ್ರ ಅದರಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಚಿತ್ರ ಅಡ್ಡ ಪಟ್ಟಿಗಳಾಗಿ ಬರುತ್ತದೆ. ಪ್ರತಿ ಪಟ್ಟಿಯನ್ನೂ ಬೇರೆಯಾಗಿ ಕುಗ್ಗಿಸಿ, ಬೇರೆಯಾಗಿ ಅಂಚು ಕತ್ತರಿಸುತ್ತದೆ. ಕುಗ್ಗಿಸಲು ಮುಂದಿನ ಸಾಲು ಕಾಣಬೇಕು, ಹಾಗಾಗಿ ಬಿಂದುಗಳ ಎರಡು ಸಾಲು ಯಾವಾಗಲೂ ಒಳಗೆ ಕಾದಿರುತ್ತವೆ. ಪಟ್ಟಿ ಮುಗಿದಾಗ ಆ ಎರಡನ್ನೂ ಹೊರಗೆ ಬಿಟ್ಟು ಆಮೇಲೆ ಕತ್ತರಿ ಹಾಕಬೇಕು. ನನ್ನ ಚಿಪ್ ಮೊದಲು ಕತ್ತರಿ ಹಾಕುತ್ತದೆ. ಕಾದಿದ್ದ ಎರಡು ಸಾಲು ಅಳಿಸಿಹೋಗುತ್ತವೆ. ಚೀಟಿಯ ಸಣ್ಣ ಅಕ್ಷರದಲ್ಲಿ ಚುಕ್ಕಿಯ ಎತ್ತರ ಸರಿಯಾಗಿ ಎರಡು ಸಾಲು. ಅಕ್ಷರಗಳ ಪಾದ ಪಟ್ಟಿಯ ತುದಿಗೆ ಬಂದು ಕೂತರೆ ಚುಕ್ಕಿ ಉಳಿಯುವುದಿಲ್ಲ.

ಇದು ನನಗೆ ಯಾವಾಗ ಗೊತ್ತಾಯಿತು ಎಂದು ನೀನು ಕೇಳಿಲ್ಲ. ನಿನ್ನಕ್ಕ ಕೇಳಿದಳು. ನಿನ್ನ ಏಪ್ರಿಲ್ 27ರ ಕಾಗದವನ್ನು ನನಗಿಂತ ಮೊದಲು ಒಡೆದು ಓದಿ, ತಟ್ಟೆಯ ಪಕ್ಕ ಇಟ್ಟಿದ್ದಳು.

"ಇದು ನಿಮಗೆ ಮೊದ್ಲೇ ಗೊತ್ತಿತ್ತಾ?"

"ಊಟ ಮಾಡು."

"ಗೊತ್ತಿತ್ತಾ ಅಂತ ಕೇಳ್ದೆ."

"ಕಣ್ಣಿಗೆ ಕಾಣೋ ತಪ್ಪಲ್ಲ ಅದು. ಎರಡು ಸಾಲು."

"ಅಂದ್ರೆ ಗೊತ್ತಿತ್ತು" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಅಡುಗೆ ಮಾಡಿ ಇಟ್ಟಿರುತ್ತಾಳೆ, ಜೊತೆಗೆ ಕೂರುವುದಿಲ್ಲ. ನೀನು ಹೇಳಿಕೊಟ್ಟದ್ದೆಂದೇ ನನಗೆ ಈಗಲೂ ಅನುಮಾನ.

ಗೊತ್ತಿತ್ತು. ಐದು ವರ್ಷದ ಹಿಂದೆ ಪರೀಕ್ಷಾ ವಿಭಾಗದ ಹಿರಿಯರೊಬ್ಬರು ಕಪ್ಪು ಗೆರೆಗಳ ಹಾಳೆಯೊಂದನ್ನು ತಂದು, "ಸಾರ್, ಪ್ರತಿ ಪಟ್ಟಿಗೂ ಎರಡು ಗೆರೆ ಕಮ್ಮಿ ಬರ್ತಿದೆ" ಎಂದರು. ಸರಿಪಡಿಸಬೇಕಾದರೆ ಚಿಪ್ ಅನ್ನು ಮತ್ತೆ ಮಾಡಿಸಬೇಕು, ಏಳು ತಿಂಗಳು. ನಾನು ಅವರ ವರದಿಯ ಕೆಳಗೆ, "ಕಣ್ಣಿಗೆ ಬೀಳುವುದಿಲ್ಲ, ಮುಂದಿನ ಚಿಪ್‌ನಲ್ಲಿ ನೋಡೋಣ" ಎಂದು ಬರೆದು ಸಹಿ ಹಾಕಿದೆ. ಆಗ ನನ್ನ ಕಣ್ಣೆದುರು ಇದ್ದದ್ದು ಫೋಟೋಗಳು, ಚಿತ್ರಗಳು. ಸೀಸೆಯ ಚೀಟಿ ಮನಸ್ಸಿಗೆ ಬರಲೇ ಇಲ್ಲ. ಅದೇ ಚಿಪ್ ಮೇಲೆ ನನಗೆ ಬಡ್ತಿ ಬಂತು.

ನಿನ್ನ ಕಾಗದ ಓದಿದ ಮರುದಿನ ಪ್ರಯೋಗಾಲಯದಲ್ಲಿ ಆ ಉದ್ದ ಹೆಸರನ್ನೊಮ್ಮೆ, ಗಿಡ್ಡ ಹೆಸರೊಂದನ್ನೊಮ್ಮೆ ಹಾಕಿ ನಾನೇ ಒತ್ತಿ ನೋಡಿದೆ. ಉದ್ದ ಹೆಸರಿನ ಚೀಟಿ ಚುಕ್ಕಿ ಇಲ್ಲದೆ ಬಂತು. ಸಂಜೆಯವರೆಗೆ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಿರ್ದೇಶಕರಿಗೆ ತೋರಿಸಿದೆ. "ಐದು ವರ್ಷಕ್ಕೆ ಒಂದು ದೂರು, ಅದೂ ನಿಮ್ಮ ಸಂಬಂಧಿಕರದ್ದು. ಈ ಕಾಗದ ನಾನು ನೋಡಿಲ್ಲ, ನೀವು ತೋರಿಸಿಲ್ಲ" ಎಂದರು. ಹಳೆಯ ವರದಿಯ ಪ್ರತಿಯನ್ನೂ ಹೊಸ ಚೀಟಿಗಳ ಪ್ರತಿಯನ್ನೂ ನಿನ್ನೆ ನಿನ್ನ ಅಧೀಕ್ಷಕರಿಗೂ ವಿಚಾರಣಾ ಸಮಿತಿಗೂ ಕಳಿಸಿದೆ. ಇವತ್ತು ಬೆಳಿಗ್ಗೆ ಕಂಪನಿಯ ಬಾಗಿಲಲ್ಲೇ ನನ್ನ ಗುರುತಿನ ಚೀಟಿ ತೆಗೆದುಕೊಂಡರು.

ನೀನು ಗೆದ್ದೆ. ಆದರೆ ಒಂದು ಮಾತು ಕೇಳುತ್ತೇನೆ. ಚೀಟಿ ಅಂಟಿಸುವ ಮೊದಲು ಓದಿ ಸಹಿ ಮಾಡುವ ನಿಯಮ ನಿಮ್ಮಲ್ಲಿಲ್ಲವೇ? ಇದ್ದರೆ, ಹದಿನೈದು ಎಂದು ಬರೆದ ಸೀಸೆ ನಿನ್ನ ಕೈ ದಾಟಿ ಹೇಗೆ ಹೋಯಿತು? ನಿನ್ನ ನಾಲ್ಕು ಕಾಗದ ತಿರುವಿಹಾಕಿದೆ. ಆ ಜಾಗ ಮಾತ್ರ ಖಾಲಿ ಇದೆ.

ಭಾವ


ಮೇ 9

ಭಾವ,

ನಿಮ್ಮಿಂದ ಉತ್ತರದ ಆಸೆ ಇಟ್ಟುಕೊಳ್ಳದೆ ಬರೆಯುತ್ತಿದ್ದೇನೆ. ಬಹುಶಃ ಅದಕ್ಕೇ ಬರೆಯಲು ಆಗುತ್ತಿದೆ.

ಇವತ್ತು ವಿಚಾರಣಾ ಸಮಿತಿಗೆ ನನ್ನ ಹೇಳಿಕೆ ಕೊಟ್ಟೆ. ಎರಡು ವಿಷಯ ಹೇಳಿದೆ. ನಿಮಗೆ ಇವೆರಡನ್ನೂ ಬರೆದಿರಲಿಲ್ಲ, ಬರೆದರೆ ನಿಮಗೆ ಹಬ್ಬವಾಗುತ್ತಿತ್ತು.

ಒಂದು, ಫೆಬ್ರವರಿ 24ರಂದು ಕೌಂಟರಿನ ಮುಂದೆ ಸಾಲು ಬಾಗಿಲವರೆಗೂ ಇತ್ತು. ಚೀಟಿ ಓದಿ ಸಹಿ ಮಾಡಬೇಕು. ನಾನು ಸಹಿ ಮಾಡಿದೆ, ಓದಲಿಲ್ಲ. ಆ ಹೊತ್ತಿಗೆ ಹನ್ನೊಂದು ಸೀಸೆಗೆ ಒಟ್ಟಿಗೇ ಸಹಿ ಹಾಕಿದ್ದೆ.

ಎರಡು, ಜನವರಿಯಲ್ಲಿ ಇನ್ನೊಂದು ಚೀಟಿಯಲ್ಲಿ ಚುಕ್ಕಿ ಬಂದಿರಲಿಲ್ಲ. ಆವತ್ತು ಓದಿದ್ದೆ, ಕಣ್ಣಿಗೆ ಬಿತ್ತು. ಪೆನ್ನು ತೆಗೆದುಕೊಂಡು ಚುಕ್ಕಿ ಇಟ್ಟು ಕೊಟ್ಟು ಕಳಿಸಿದೆ. ಸುರುಳಿ ಸರಿಯಾಗಿ ಕೂತಿಲ್ಲ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ, ಪುಸ್ತಕದಲ್ಲೂ ಬರೆಯಲಿಲ್ಲ. ಬರೆದಿದ್ದರೆ ಫೆಬ್ರವರಿಯಲ್ಲಿ ಎಲ್ಲರೂ ಪ್ರತಿ ಚೀಟಿಯನ್ನೂ ಓದುತ್ತಿದ್ದರು.

ಸಮಿತಿಯವರೊಬ್ಬರು, "ಇದನ್ನ ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ" ಎಂದರು, ಬೈದ ಹಾಗೆ. ನಿಮ್ಮ ಚಿಪ್ ನುಂಗಿತು ಎಂದು ಈಗಲೂ ಹೇಳುತ್ತೇನೆ. ನೀವು ಮುಚ್ಚಿಟ್ಟಿದ್ದೀರಿ ಎಂದೂ ಹೇಳುತ್ತೇನೆ. ನನ್ನದನ್ನು ಮುಚ್ಚಿಟ್ಟುಕೊಂಡು ನಿಮ್ಮದನ್ನು ಕೇಳಲು ಬಾಯಿ ಬರಲಿಲ್ಲ, ಅಷ್ಟೆ.


ಮೇ 31

ಭಾವ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ನಿಮ್ಮದನ್ನು ಓದಿ ಉತ್ತರ ಬರೆಯಲು ಮೂರು ಸಲ ಕೂತೆ. ಬೈಯಲೂ ಆಗಲಿಲ್ಲ, ಬೈಯದೇ ಇರಲೂ ಆಗಲಿಲ್ಲ. ಐದು ವರ್ಷ, ಭಾವ. ಒಂದು ಸಹಿ.

ತೀರ್ಪು ಬಂತು. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ, ಒಂದು ವರ್ಷ ಎಲ್ಲೂ ಔಷಧಿ ಕೊಡುವ ಹಾಗಿಲ್ಲ. ನ್ಯಾಯವೇ. ಆ ಪ್ರಿಂಟರುಗಳನ್ನು ಎಲ್ಲ ಆಸ್ಪತ್ರೆಗಳಿಂದಲೂ ಹಿಂದಕ್ಕೆ ತರಿಸುತ್ತಿದ್ದಾರಂತೆ. ನೀವು ಮನೆಯಲ್ಲಿದ್ದೀರಿ ಎಂದು ಅಕ್ಕ ಹೇಳಿದಳು. ಅವಳು ಫೋನ್ ಮಾಡಿದ್ದಳು, ನಾಲ್ಕು ವರ್ಷದಲ್ಲಿ ಮೊದಲ ಸಲ. ನೀವು ನಂಬಿದರೆ ನಂಬಿ.

ಈ ಕಾಗದ ಅದಕ್ಕಲ್ಲ. ನಿನ್ನೆ ನಾನು ಗಡಿಯಾರದವರ ಮನೆಗೆ ಹೋಗಿದ್ದೆ. ಬಾಗಿಲು ತೆಗೆದವಳು ಸೊಸೆ. ಯಾರೆಂದು ಹೇಳಿದೆ. ಮುಖಕ್ಕೆ ಬಾಗಿಲು ಹಾಕುತ್ತಾಳೆ ಎಂದುಕೊಂಡೆ, ಒಳಗೆ ಕರೆದಳು. ಅವರ ಹೆಂಡತಿ ಕಿಟಕಿಯ ಹತ್ತಿರ ಕೂತಿದ್ದರು. ನಾನು ಕಲಿತುಕೊಂಡು ಹೋಗಿದ್ದ ಮಾತುಗಳೆಲ್ಲ ಮರೆತುಹೋದವು. "ಚೀಟಿ ತಪ್ಪಾಗಿತ್ತಮ್ಮ, ನಾನು ಓದಿ ನೋಡಬೇಕಿತ್ತು, ನೋಡಲಿಲ್ಲ" ಎಂದೆ.

ಅವರು ಕೇಳಿದರು, "ಚೀಟಿಯಲ್ಲಿ ಹದಿನೈದು ಅಂತಾನೇ ಇತ್ತಾ?"

"ಹೌದು."

"ಹಾಗಾದ್ರೆ ನಾನು ತಪ್ಪು ಓದಲಿಲ್ವಾ?"

ಭಾವ, ಆಸ್ಪತ್ರೆಯವರು ಮೊದಲ ದಿನವೇ ಸೀಸೆ ತೆಗೆದಿಟ್ಟುಕೊಂಡು, ಮನೆಯವರಿಗೆ, "ಚೀಟಿ ಸರಿ ಇದೆ, ಮನೇಲಿ ತಪ್ಪು ಓದಿದ್ದಾರೆ" ಎಂದಿದ್ದಾರೆ. ನನಗೆ ನೀನು ತಪ್ಪು ಒತ್ತಿದೆ ಎಂದರು, ಅವರಿಗೆ ನೀವು ತಪ್ಪು ಓದಿದಿರಿ ಎಂದರು. ತೀರ್ಪನ್ನು ಯಾರೂ ಅವರ ಮನೆಗೆ ಮುಟ್ಟಿಸಿಲ್ಲ. ಎರಡು ತಿಂಗಳಿಂದ ಆಕೆ ಗಂಡನನ್ನು ತಾನೇ ಕೊಂದೆ ಎಂದುಕೊಂಡು ಆ ಕಿಟಕಿಯ ಹತ್ತಿರ ಕೂತಿದ್ದಾರೆ. ಮಗ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದನಂತೆ. "ಕಣ್ಣು ಚೆನ್ನಾಗಿದೆ ಅಂದ್ರು ಕಣಮ್ಮ. ಆದ್ರೆ ಮನೇಲಿ ಯಾರೂ ನಂಬ್ಲಿಲ್ಲ. ಮೊಮ್ಮಗಳಿಗೆ ಜ್ವರ ಬಂದ್ರೆ ಔಷಧಿ ಸೀಸೆ ಮುಟ್ಟೋಕೂ ಬಿಡಲ್ಲ" ಎಂದರು.

ನಾವಿಬ್ಬರೂ ಇಲ್ಲಿ ಒಬ್ಬರ ಮೇಲೊಬ್ಬರು ಕೆಸರು ಎರಚಿಕೊಳ್ಳುತ್ತಿದ್ದೆವು.

ಮಗ ಬಂದ ಮೇಲೆ ಅವನಿಗೂ ಹೇಳಿದೆ. "ಯಂತ್ರ ಹೇಗೆ ಚುಕ್ಕಿ ತಿನ್ನತ್ತೆ? ನೀವು ಕೆಲಸ ಹೋಗಿದ್ದಕ್ಕೆ ಹೇಳ್ತಿದ್ದೀರಿ" ಎಂದ. ನನಗೆ ಪಟ್ಟಿ, ಸಾಲು ಎಂದು ಹೇಳಲು ಬಂತೇ ಹೊರತು ನಂಬಿಸಲು ಬರಲಿಲ್ಲ. ವಿಳಾಸ ಕೆಳಗಿದೆ. ನಿಮ್ಮ ಅರ್ಧವನ್ನು ನೀವೇ ಬರೆದು ಕಳಿಸಿ. ಸಹಿ ಇರಲಿ.


ಜೂನ್ 16

ನಾದಿನಿಗೆ,

ಬರೆದೆ. ನಾಲ್ಕು ಪುಟವಾಯಿತು. ನಿನ್ನಕ್ಕ ಓದಿ, "ಇದು ಅವರಿಗೆ ಅರ್ಥ ಆಗಲ್ಲ. ನಿಮ್ಮನ್ನ ಕಾಪಾಡ್ಕೊಳ್ಳೋಕೆ ಬರೆದ ಹಾಗಿದೆ" ಎಂದಳು. ಹರಿದು ಹಾಕಿ ಬಸ್ಸು ಹತ್ತಿದೆ. ಅವಳು ಬರುತ್ತೇನೆ ಎನ್ನಲಿಲ್ಲ, ನಾನೂ ಕರೆಯಲಿಲ್ಲ.

ಮಗ ಮನೆಯಲ್ಲಿದ್ದ. ಪ್ರಯೋಗಾಲಯದಲ್ಲಿ ಒತ್ತಿದ ಎರಡು ಚೀಟಿಗಳನ್ನು, ಅವರ ಹೆಸರಿನದೊಂದು, ಗಿಡ್ಡ ಹೆಸರಿನದೊಂದು, ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಅವನು ಭೂತಗನ್ನಡಿ ತಂದ. ಅಪ್ಪನದಂತೆ, ಕಣ್ಣಿಗೆ ಸಿಕ್ಕಿಸಿಕೊಂಡು ಗಡಿಯಾರ ನೋಡುವಂಥದ್ದು. ಎರಡನ್ನೂ ನೋಡಿ, ಚೀಟಿಗಳ ಜೊತೆ ಭೂತಗನ್ನಡಿಯನ್ನೂ ತಾಯಿಯ ಕೈಗೆ ಕೊಟ್ಟ. ಆಕೆಗೆ ಅದು ಬೇಕಾಗಲಿಲ್ಲ, ಬರಿಗಣ್ಣಿನಲ್ಲೇ ಓದಿದರು. "ಇದು ಒಂದೂವರೆ. ಇದು ಹದಿನೈದು."

"ಯಾರು ಮಾಡಿದ್ದು ಇದನ್ನ?" ಎಂದು ಕೇಳಿದರು.

"ನಾನು. ಯಂತ್ರದೊಳಗಿನ ಭಾಗ ನನ್ನದು. ತಪ್ಪು ಐದು ವರ್ಷದಿಂದ ಗೊತ್ತಿತ್ತು, ಸರಿಮಾಡಲಿಲ್ಲ. ನೀವು ಸರಿಯಾಗೇ ಓದಿದ್ದೀರಿ."

ಆಕೆ ಅಳುತ್ತಾರೆ ಎಂದುಕೊಂಡೆ. ಬೈಯುತ್ತಾರೆ ಎಂದೂ ಸಿದ್ಧನಾಗಿದ್ದೆ. ಎರಡೂ ಮಾಡಲಿಲ್ಲ. ಸೀರೆ ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಇನ್ನೊಂದ್ಸಲ ಹೇಳಿ" ಎಂದರು. "ಸ್ವಲ್ಪ ಜೋರಾಗಿ. ಸೊಸೆ ಅಡುಗೆಮನೇಲಿದ್ದಾಳೆ."

ಹೇಳಿದೆ.